ಕಾರಿನ ತಲೆಯ ಮೇಲಿನ ಹಲಗೆ

ಕಾರಿದೆ, ರಸ್ತೆಯಿದೆ, ಹೋಗಿ ಸೇರಬೇಕೆಂಬ ಆಸೆಯೂ ಬೆಟ್ಟದಷ್ಟಿದೆ. ಆದರೂ ಅರ್ಧ ದಾರಿಯಿಂದ ತಿರುಗಿ ಬರಬೇಕಾಯಿತು ಅಂದರೆ ಮನಸ್ಸಿಗೆ ಹೇಗಾಗುತ್ತದೆ, ನೀವೇ ಹೇಳಿ. ನಮ್ಮ ಬೀದಿಯ ಪರದೆಯಣ್ಣನ ಮನೆಯವರಿಗೆ ಒಂದು ಭಾನುವಾರ ಹಾಗಾಯಿತು.

ಭಾನುವಾರ ಬೆಳಗ್ಗೆ ಹೊರಟ ಆ ಕಾರು ಸಂಜೆಯಾಗದೆ ಬೀದಿಗೆ ಬಂದದ್ದೇ ಇಲ್ಲ. ಅವತ್ತು ಮಧ್ಯಾಹ್ನದ ಊಟಕ್ಕೂ ಮೊದಲೇ ಬಂದು ಮನೆ ಮುಂದೆ ನಿಂತಿತು. ಮೊದಲು ಅಜ್ಜಿ ಇಳಿದಳು. ಆಮೇಲೆ ಹೊಲಿಗೆಯಕ್ಕ ಇಳಿದಳು. ಮಗಳಿಗೆಂದು ಕಟ್ಟಿಕೊಂಡು ಹೋಗಿದ್ದ ತಿಂಡಿಯ ಡಬ್ಬಿ ಅವಳ ಕೈಯಲ್ಲಿ ಮುಚ್ಚಳ ತೆರೆಯದೆ ಹಾಗೇ ಇತ್ತು. ಪರದೆಯಣ್ಣ ಮಾತ್ರ ಸ್ಟಿಯರಿಂಗ್ ಹಿಡಿದುಕೊಂಡು ಕೂತೇ ಇದ್ದ.

ಇವರ ಕೆಲಸ ಕಿಟಕಿಗೆ ಪರದೆ ಹಾಕುವುದು. ಹೆಂಡತಿ ಹೊಲಿಯುತ್ತಾಳೆ, ಗಂಡ ಮನೆಮನೆಗೆ ಹೋಗಿ ಅಳತೆ ತೆಗೆದು, ಗೋಡೆ ಕೊರೆದು, ಕಂಬಿ ಕೂರಿಸಿ ಪರದೆ ಇಳಿಬಿಡುತ್ತಾನೆ. ಹಾಗಾಗಿ ಅವಳು ಎಲ್ಲರಿಗೂ ಹೊಲಿಗೆಯಕ್ಕ, ಅವನು ಪರದೆಯಣ್ಣ. ಅಜ್ಜಿ ಅವನ ತಾಯಿ. ಇವರಿಗೆ ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಕಿವಿ ಕೇಳದ ಹುಡುಗಿ. ಮನೆಯಲ್ಲಿ ಇವರೇ ಕಟ್ಟಿಕೊಂಡ ಹತ್ತಾರು ಸನ್ನೆಗಳಲ್ಲಿ ಅವಳ ಲೋಕ ಮುಗಿಯುತ್ತಿತ್ತು: ಹಸಿವು, ನೀರು, ನಿದ್ದೆ, ಬೇಡ, ಬಾ. ಈ ವರ್ಷ ಗುಡ್ಡದ ಆಚೆಯ ವಸತಿ ಶಾಲೆಗೆ ಸೇರಿದ ಮೇಲೆ ಅವಳ ಕೈಗಳಿಗೆ ನಿಜವಾದ ಮಾತು ಬಂತು. ಅಲ್ಲಿ ಮಕ್ಕಳು ಸನ್ನೆಯಲ್ಲೇ ಜಗಳ ಆಡುತ್ತಾರೆ, ಚಾಡಿ ಹೇಳುತ್ತಾರೆ, ಕಥೆ ಕಟ್ಟುತ್ತಾರೆ. ಮೊದಲ ತಿಂಗಳಲ್ಲೇ ಅವಳು ಅಪ್ಪನಿಗೊಂದು ಹೆಸರಿಟ್ಟಳು. ಎರಡು ಕೈಗಳಿಂದ ಪರದೆಯನ್ನು ಇಬ್ಬದಿಗೆ ಸರಿಸಿದಂತೆ ಮಾಡಿದರೆ ಅದೇ ಅಪ್ಪ.

ಶಾಲೆಗೆ ಬಿಟ್ಟು ಬರುವಾಗ ಅವಳು ಅಳುತ್ತಿದ್ದಳು. ಪ್ರತಿ ಭಾನುವಾರ ಬಂದೇ ಬರುತ್ತೇವೆ ಎಂದು ಅಪ್ಪ ಮಾತು ಕೊಟ್ಟಿದ್ದ. ಆ ಮಾತಿನ ಮೇಲೆಯೇ ಅವಳು ಅಲ್ಲಿ ಉಳಿದದ್ದು.

ಕಾರು ಬ್ಯಾಟರಿಯದು, ಬೇರೆಯವರ ಕೈ ದಾಟಿ ಬಂದದ್ದು. ರಾತ್ರಿ ಮನೆಯಲ್ಲಿ ಚಾರ್ಜ್ ಹಾಕಿದರೆ ಶಾಲೆಗೆ ಹೋಗಿ ಬರಲು ಸಾಕಾಗುತ್ತಿತ್ತು. ದಾರಿಯಲ್ಲಿ ಚಾರ್ಜ್ ಮಾಡುವ ಜಾಗವಿಲ್ಲ. ಶಾಲೆಯ ವೈರಿಂಗ್ ಹಳೆಯದು, ಕಾರಿನ ಭಾರ ತಾಳುವುದಿಲ್ಲ ಎಂದು ಮೇಲ್ವಿಚಾರಕಿ ಮೊದಲೇ ಹೇಳಿದ್ದರು. ಬಸ್ಸು ಎರಡು ಕಡೆ ಬದಲಾಯಿಸಬೇಕು. ಭಾನುವಾರ ಹೋದವರು ಅವತ್ತೇ ಮನೆ ಸೇರುವಂತಿಲ್ಲ. ಇಷ್ಟು ದಿನ ಹೇಗೋ ನಡೆದಿತ್ತು. ಬರಬರುತ್ತಾ ಮನೆ ಮುಟ್ಟುವಾಗ ಉಳಿಯುತ್ತಿದ್ದ ಚಾರ್ಜು ಕರಗುತ್ತಾ ಹೋಯಿತು. ಅವತ್ತು ಅರ್ಧ ದಾರಿಯ ನೀರಿನ ಟ್ಯಾಂಕಿನ ಹತ್ತಿರ ಬರುವಷ್ಟರಲ್ಲೇ ಮೀಟರು ಅರ್ಧಕ್ಕಿಂತ ಕೆಳಗೆ ಇಳಿದುಬಿಟ್ಟಿತ್ತು. ಮುಂದೆ ಹೋದರೆ ಶಾಲೆಯೇನೋ ಸಿಗುತ್ತದೆ, ಮನೆ ಸಿಗುವುದಿಲ್ಲ.

ಸಂಜೆ ಫೋನಿನ ಪರದೆಯಲ್ಲಿ ಮಗಳ ಮುಖ ಕಾಣಿಸಿತು. ಕೈ ಆಡಿಸಿ ಕೇಳಿದಳು: ಕಾರಿಗೆ ಜ್ವರವಾ?

ಪರದೆಯಣ್ಣ ಹೌದೆಂದು ತಲೆಯಾಡಿಸಿ ನಕ್ಕ. ನಕ್ಕವನು ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಬಟ್ಟೆಯ ಥಾನುಗಳನ್ನು ಒರಗಿಸಿಟ್ಟ ಮೂಲೆಗೆ ಹೋಗಿ ಬೆನ್ನು ಮಾಡಿ ನಿಂತ.

ಆಮೇಲೆ ಮೇಲ್ವಿಚಾರಕಿ ಮಾತಾಡಿದರು. "ಬೆಳಗ್ಗೆಯಿಂದ ಗೇಟಿನ ಕಟ್ಟೆ ಮೇಲೇ ನಿಂತಿದ್ಲು ಕಣ್ರೀ. ಊಟಕ್ಕೆ ಕರೆದ್ರೂ ಇಳೀಲಿಲ್ಲ. ನಾನು ಬೈತಾ ಇಲ್ಲ. ಬರೋಕಾಗದೇ ಇದ್ರೆ ಬರಲ್ಲ ಅಂತ ಹೇಳಿಬಿಡಿ, ಒಪ್ಕೋತಾಳೆ. ಬರ್ತೀವಿ ಅಂತ ಹೇಳಿ ಬರದೇ ಇದ್ರೆ ಅವಳಿಗೆ ಈ ಶಾಲೇನೇ ಬೇಡ ಅನ್ಸುತ್ತೆ."

ಫೋನು ಇಟ್ಟ ಮೇಲೆ ಹೊಲಿಗೆಯಕ್ಕ ಮತ್ತೆ ಕತ್ತರಿ ಹಿಡಿದಳು.

"ಕಾರು ಮಾರಿಬಿಡೋಣ. ಬ್ಯಾಟರಿ ಸತ್ತೋಗಿದೆ," ಎಂದ ಪರದೆಯಣ್ಣ. "ಅವಳನ್ನ ಮನೆಗೇ ಕರ್ಕೊಂಡು ಬರೋಣ. ನನ್ನ ಕೈಲಿ ಆ ಮುಖ ನೋಡೋಕಾಗಲ್ಲ."

"ಕರ್ಕೊಂಡು ಬಂದು?" ಹೊಲಿಗೆಯಕ್ಕ ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ಇಲ್ಲಿ ಯಾರ ಹತ್ರ ಮಾತಾಡ್ತಾಳೆ ಅವಳು? ನಿಮ್ಮ ಹತ್ರ, ನನ್ನ ಹತ್ರ, ಅತ್ತೆ ಹತ್ರ. ಹಸಿವು, ನೀರು, ನಿದ್ದೆ. ಮತ್ತೆ ಅಷ್ಟಕ್ಕೇ ಕೂರಿಸ್ತೀರಾ ಮಗೂನ?"



ಮಾರನೆಯ ದಿನ ನಿಧಾನಕ್ಕ ಬಂದಳು. ಪಕ್ಕದ ಮನೆಯವಳು, ಡ್ರೈವಿಂಗ್ ಕಲಿಸುವುದು ಅವಳ ವೃತ್ತಿ. ಪಾಠದ ಕಾರಿನಲ್ಲಿ ದಿನವಿಡೀ "ನಿಧಾನ, ನಿಧಾನ" ಅನ್ನುತ್ತಲೇ ಇರುವುದರಿಂದ ಆ ಹೆಸರು ಅಂಟಿಕೊಂಡಿದೆ. ಅವಳಿಗೂ ಅದರ ಬಗ್ಗೆ ಬೇಜಾರಿಲ್ಲ. ಅಂಚು ಬಿಟ್ಟುಹೋದ ಸೀಟಿನ ಕವರು ಹೊಲಿಸಲು ಬಂದವಳು ಮೂವರ ಮುಖ ನೋಡಿ, ಬಂದ ಕೆಲಸ ಮರೆತು ಅಲ್ಲೇ ಸ್ಟೂಲೆಳೆದುಕೊಂಡು ಕೂತಳು. ಹೊಲಿಗೆಯಕ್ಕ ಎಲ್ಲವನ್ನೂ ಹೇಳಿದಳು.

"ಬ್ಯಾಟರಿ ತೋರಿಸಿದ್ಯೇನಪ್ಪಾ?"

"ತೋರಿಸ್ದೆ," ಎಂದ ಪರದೆಯಣ್ಣ. "ವಯಸ್ಸಾಗಿದೆ, ಆದ್ರೆ ಬದಲಾಯಿಸೋ ಹಾಗೇನಿಲ್ಲ ಅಂದ್ರು. ಅವರಿಗೇನು ಗೊತ್ತು?"

"ವಯಸ್ಸಾಗಿದ್ರೆ ಸತ್ತೋಗಿದೆ ಅಂತಾನಾ?" ಅಜ್ಜಿ ಮೂಲೆಯಿಂದ ಕೇಳಿದಳು. "ನಾನೂ ಕೂತಿದ್ದೀನಲ್ಲೋ ಇಲ್ಲಿ."

ನಿಧಾನಕ್ಕ ನಗುತ್ತಾ ಎದ್ದಳು. "ಬಾ, ಒಂದ್ಸಲ ನಿನ್ನ ಕಾರು ನೋಡೋಣ. ಮೊದಲೇ ಹೇಳಿಬಿಡ್ತೀನಿ, ಬ್ಯಾಟರಿ ವಿಷಯ ನನಗೆ ಗೊತ್ತಿಲ್ಲ. ನಂದು ಪೆಟ್ರೋಲ್ ಗಾಡಿ."

"ಮತ್ತೆ ಏನು ನೋಡ್ತೀಯ?"

"ನಿಂದು ಬ್ಯಾಟರಿ, ನಂದು ಪೆಟ್ರೋಲ್ ಅಂತ ಗಾಳಿಗೆ ಗೊತ್ತಾ? ರಸ್ತೆಗೆ ಗೊತ್ತಾ?"

ಕಾರಿನ ಸುತ್ತ ಒಂದು ಸುತ್ತು ಬಂದಳು. ಪರದೆಯಣ್ಣ ಅವಳ ಹಿಂದೆಯೇ ಬಂದು ಚಕ್ರಕ್ಕೊಂದು ಒದ್ದ. "ನೋಡು, ಕಲ್ಲಿದ್ದ ಹಾಗಿದೆ."

"ಕಾಲಲ್ಲಿ ಒದ್ದು ಜ್ವರ ನೋಡ್ತಾರೇನೋ? ಗೇಜ್ ಹಾಕಿ ನೋಡ್ಬೇಕು." ತನ್ನ ಕಾರಿನಿಂದ ಗಾಳಿ ಅಳೆಯುವ ಗೇಜು ತಂದಳು. ಚಾಲಕನ ಬಾಗಿಲು ತೆರೆದು, ಚೌಕಟ್ಟಿನ ಮೇಲೆ ಕಂಪನಿಯವರು ಅಂಟಿಸಿದ್ದ ಚೀಟಿಯನ್ನು ಓದಿದಳು. ನಾಲ್ಕು ಚಕ್ರದಲ್ಲೂ ಗಾಳಿ ಅದಕ್ಕಿಂತ ಬಹಳ ಕಡಿಮೆ ಇತ್ತು. "ಮೆತ್ತಗಾದ ಚಕ್ರ ರಸ್ತೆಗೆ ಅಂಟಿಕೊಂಡು ಉರುಳುತ್ತೆ ಕಣಪ್ಪಾ. ಗಾಳಿ ಕಡಿಮೆ ಇರೋ ಸೈಕಲ್ ತುಳಿದಿದ್ದೀಯಲ್ಲ? ತೊಡೆ ಹೇಗೆ ನೋಯುತ್ತೆ? ನಿನ್ನ ಬ್ಯಾಟರಿಗೂ ಹಾಗೇ ತೊಡೆ ನೋಯ್ತಾ ಇದೆ."

ಡಿಕ್ಕಿ ತೆರೆದಳು. ಬಟ್ಟೆಯ ಮಾದರಿ ಪುಸ್ತಕಗಳು ಇಟ್ಟಿಗೆಗಳ ಹಾಗೆ ಪೇರಿಸಿದ್ದವು. ಡ್ರಿಲ್ಲು, ಮೊಳೆಯ ಪೆಟ್ಟಿಗೆ, ಪರದೆಯ ಕೆಳ ಅಂಚು ಹಾರದಿರಲಿ ಎಂದು ಮಡಿಕೆಯೊಳಗೆ ಪೋಣಿಸುವ ಸೀಸದ ಸರಗಳ ಒಂದು ಮೂಟೆ. ಅದನ್ನು ಎತ್ತಲು ಹೋಗಿ ನಿಧಾನಕ್ಕ ಸೊಂಟ ಹಿಡಿದುಕೊಂಡಳು.

"ಭಾನುವಾರ ಇದನ್ನೆಲ್ಲ ಇಳಿಸಲ್ವಾ?"

"ಸೋಮವಾರ ಮತ್ತೆ ಯಾರು ಹೇರ್ತಾರೆ?"

"ಅಂದ್ರೆ ಪ್ರತಿ ಭಾನುವಾರ ನಿಮ್ಮ ಜೊತೆ ಇನ್ನಿಬ್ಬರು ದಪ್ಪನೆಯ ನೆಂಟರು ಪುಕ್ಕಟೆ ಗುಡ್ಡ ಹತ್ತಿ ಇಳೀತಿದಾರೆ ಅನ್ನು."

ಅಜ್ಜಿ ಕಿಸಕ್ಕನೆ ನಕ್ಕಳು. ಪರದೆಯಣ್ಣನ ಮುಖ ಊದಿಕೊಂಡಿತು. ಆದರೂ ಗಾಳಿ ಹಾಕಿಸಲು ಒಪ್ಪಿದ, ಮೂಟೆ ಇಳಿಸಲೂ ಒಪ್ಪಿದ. ನಿಧಾನಕ್ಕ ಆಮೇಲೆ ಕಾರಿನ ತಲೆಯ ಕಡೆ ಬೆರಳು ತೋರಿಸಿದಳು. "ಅದನ್ನೂ ಇಳಿಸು."

ಅಲ್ಲಿ ಕಬ್ಬಿಣದ ಕ್ಯಾರಿಯರು, ಅದರ ಮೇಲೆ ಕ್ಯಾನ್ವಾಸು ಸುತ್ತಿದ ಏಣಿ. ಏಣಿಯ ಮುಂದೆ, ಎದುರಿಂದ ಬರುವವರಿಗೆಲ್ಲ ಕಾಣುವ ಹಾಗೆ, ಬಾಗಿಲಿನ ಹಲಗೆಯಷ್ಟು ಅಗಲದ ಒಂದು ನಾಮಫಲಕ ನೆಟ್ಟಗೆ ನಿಂತಿತ್ತು. ನೀಲಿ ಬಣ್ಣದ ಮೇಲೆ ಹಳದಿ ಅಕ್ಷರದಲ್ಲಿ "ಪರದೆ" ಎಂದಷ್ಟೇ ಬರೆದಿತ್ತು.

"ಅದನ್ನ ಮುಟ್ಬೇಡ," ಎಂದ ಪರದೆಯಣ್ಣ. "ಅದು ನನ್ನ ಅಂಗಡಿ. ಸಿಗ್ನಲ್‌ನಲ್ಲಿ ನಿಂತಾಗ ಅದನ್ನ ನೋಡಿ ಜನ ಕೂಗಿ ಕರೆದು ಕೆಲಸ ಕೊಟ್ಟಿದ್ದಾರೆ. ನನ್ನ ಕೈಯಾರೆ ಬಣ್ಣ ಹಚ್ಚಿ ಬರೆದಿದ್ದು. ಒಂದು ಹಲಗೆ ಏನು ಭಾರ ಇರುತ್ತೆ? ಒಂದು ಕೈಲಿ ಎತ್ತಬಹುದು."

"ಭಾರ ಅಲ್ಲಪ್ಪಾ, ಗಾಳಿ."

"ಗಾಳಿ!" ಅವನು ಕೈ ಬೀಸಿದ. "ಕಣ್ಣಿಗೆ ಕಾಣದ ಗಾಳಿ ನನ್ನ ಕಾರನ್ನ ಹಿಡಿದು ಎಳೆಯುತ್ತಂತೆ. ಬೇರೆ ಯಾರಿಗಾದ್ರೂ ಹೇಳು."

ನಿಧಾನಕ್ಕ ಇನ್ನೂ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ, ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದ ಹೊಲಿಗೆಯಕ್ಕ ಮಾತಾಡಿದಳು.

"ಆ ಎತ್ತರದ ಕಟ್ಟಡದ ಮೇಲಿನ ಮನೆ ಕಥೆ ಹೇಳ್ರೀ."

"ಯಾವ ಕಥೆ?"

"ಅದೇ, ಎಲ್ಲ ಗಿರಾಕಿಗಳಿಗೂ ಹೇಳ್ತೀರಲ್ಲ, ಉದ್ದದ ಸ್ಕ್ರೂ ಯಾಕೆ ಹಾಕ್ತೀನಿ ಅಂತ."

ಪರದೆಯಣ್ಣನಿಗೆ ಆ ಕಥೆಯೆಂದರೆ ಪ್ರಾಣ. ಸಿಟ್ಟಿನಲ್ಲೂ ಶುರುಮಾಡಿಬಿಟ್ಟ. "ಅದಾ? ಅವರು ಕಿಟಕಿ ತೆಗೆದಿಟ್ಟು ಹೊರಗೆ ಹೋಗಿದ್ರು. ಗಾಳಿ ಬಂತು ನೋಡು. ಪರದೆ ಹಾಯಿ ಥರ ಉಬ್ಬಿ, ಕಂಬಿ ಬಗ್ಗಿ, ಬ್ರಾಕೆಟ್ಟು ಸ್ಕ್ರೂ ಸಮೇತ ಗೋಡೆಯಿಂದ ಕಿತ್ತು ಬಂತು. ಗಾರೆ ಒಂದು ಬೊಗಸೆ ಉದುರಿತ್ತು. ಆವತ್ತಿಂದ ನಾನು ಗಾಳೀನ ಯಾವತ್ತೂ ಹಗುರವಾಗಿ..."

ಅಲ್ಲಿಗೆ ನಿಲ್ಲಿಸಿದ.

"ಅದು ನಿಂತ ಮನೆ," ಎಂದಳು ಹೊಲಿಗೆಯಕ್ಕ ಮೆಲ್ಲಗೆ. "ಗಾಳಿ ತಾನಾಗಿ ಬಂದಿದ್ದು. ಇಲ್ಲಿ ನಾವೇ ಗಾಳಿ ಮೇಲೆ ನುಗ್ತಾ ಇದ್ದೀವಿ, ಆ ಗಾಳಿಗಿಂತ ಜೋರಾಗಿ. ಒಂದು ಪರದೆ ಕಂಬಿ ಕಿತ್ತಿತು ಅಂತ ಊರಿಗೆಲ್ಲ ಹೇಳ್ತೀರಿ. ಕಾರಿನ ತಲೆ ಮೇಲೆ ಮಡಿಕೆ ಇಲ್ಲದ ಪರದೆ ನಿಲ್ಲಿಸಿದ್ದೀರಿ, ಅದು ಎಷ್ಟು ಎಳೀಬೇಕು? ನಿನ್ನೆ ದಾರಿಯುದ್ದಕ್ಕೂ ಆ ಕ್ಯಾನ್ವಾಸ್ ಪಟಪಟ ಅಂತಿತ್ತಲ್ಲ. ಆ ಸದ್ದು ಪುಕ್ಕಟೆ ಬರುತ್ತಾ? ಅದೂ ಬ್ಯಾಟರಿಯಿಂದಲೇ ಬರ್ತಿದೆ."

 

"ಹಲಗೆ ಹಾಕಿದ್ದು ಯಾವಾಗ?" ನಿಧಾನಕ್ಕ ಕೇಳಿದಳು.

"ಶಾಲೆ ಶುರುವಾಗಿ ಕೆಲವು ವಾರ ಆದ ಮೇಲೆ," ಎಂದಳು ಅಜ್ಜಿ. "ಅದಕ್ಕೆ ಮುಂಚೆ ಮನೆಗೆ ಬಂದ ಮೇಲೂ ಚಾರ್ಜ್ ಉಳೀತಿತ್ತು. ನನಗೆ ನೆನಪಿದೆ. ನಾನೇನು ಸತ್ತೋಗಿಲ್ಲ."

ಪರದೆಯಣ್ಣ ಹಲಗೆಯನ್ನೇ ನೋಡುತ್ತಾ ನಿಂತ. ತಾನೇ ಬರೆದ ಅಕ್ಷರ. ಆ 'ರ'ಕಾರ ದುಂಡಗೆ ಬರಲೆಂದು ತಟ್ಟೆಯೊಂದನ್ನು ಬೋರಲಿಟ್ಟು ಗೆರೆ ಎಳೆದದ್ದು ಅವನಿಗೆ ನೆನಪಾಗಿರಬೇಕು.

"ಭಾನುವಾರ ಮಗಳನ್ನ ನೋಡೋಕೆ ಹೋಗ್ತೀವಾ, ಪರದೆ ಮಾರೋಕಾ?" ಹೊಲಿಗೆಯಕ್ಕ ಕೇಳಿದಳು. ದನಿಯಲ್ಲಿ ಚುಚ್ಚು ಇರಲಿಲ್ಲ.

ಅವನು ಒಳಗೆ ಹೋಗಿ ಸ್ಪ್ಯಾನರು ತಂದ.

ಆ ವಾರ ನಿಧಾನಕ್ಕ ದಿನಾ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ಅವನ ಕೈಲಿ ಕಾರು ಓಡಿಸಿದಳು. ಕಾರು ಓಡಿಸಿ ಕೂದಲು ನೆರೆತವನಿಗೆ ಮತ್ತೆ ಪಾಠ! ಬೀದಿಯವರು ನಕ್ಕರು. ಅವನ ಚಾಳಿ ಒಂದೇ. ಆಕ್ಸಿಲರೇಟರನ್ನು ಜೋರಾಗಿ ಒತ್ತುವುದು, ಮುಂದಿನ ಗಾಡಿಯ ಬೆನ್ನಿಗೆ ಮೂಗು ತಾಗುವಾಗ ಬ್ರೇಕು ತುಳಿಯುವುದು.

"ದೂರದಲ್ಲಿ ಕೆಂಪು ದೀಪ ಕಾಣ್ತಿದೆ. ಈಗಲೇ ಯಾಕೆ ಒತ್ತುತ್ತೀಯ? ಕಾಲು ತೆಗಿ. ತಾನಾಗಿ ಹೋಗ್ಲಿ."

"ಹಿಂದಿನವರು ಹಾರ್ನ್ ಹೊಡೀತಾರೆ."

"ಹೊಡೀಲಿ. ಅವರ ಹಾರ್ನಿಗೆ ನಿನ್ನ ಚಾರ್ಜ್ ಖರ್ಚಾಗಲ್ಲ."

ಅವನ ಕಾರಿನಲ್ಲೊಂದು ಅನುಕೂಲವಿತ್ತು. ಕಾಲು ಸಡಿಲ ಬಿಟ್ಟಾಗ, ಇಳಿಜಾರಿನಲ್ಲಿ ಉರುಳಿದಾಗ, ಚಕ್ರವೇ ತಿರುಗಿ ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ವಾಪಸು ಕೊಡುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಆದರೆ ಕಾಲು ಸಡಿಲ ಬಿಟ್ಟು ಗೊತ್ತಿರಲಿಲ್ಲ. ಕೊನೆಗೆ ಅಜ್ಜಿಯೇ ಒಂದು ಉಪಾಯ ಮಾಡಿದಳು. ಪರದೆಗೆ ಹಾಕುವ ಹಿತ್ತಾಳೆ ಉಂಗುರಗಳನ್ನು ಮುಚ್ಚಳವಿಲ್ಲದ ಡಬ್ಬಿಯಲ್ಲಿ ಕಂಠದವರೆಗೆ ತುಂಬಿ, ಹಿಂದಿನ ಸೀಟಿನಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡಳು. "ಒಂದು ಉಂಗುರ ಬಿದ್ರೂ ನೀನೇ ಬಗ್ಗಿ ಎತ್ಕೊಡ್ಬೇಕು. ನನಗೆ ಸೊಂಟ ಬಗ್ಗಲ್ಲ."

ಮೊದಲ ದಿನ ಡಬ್ಬಿಯಲ್ಲಿ ಉಳಿದದ್ದಕ್ಕಿಂತ ಕೆಳಗೆ ಬಿದ್ದದ್ದೇ ಹೆಚ್ಚು. ವಾರದ ಕೊನೆಗೆ ಸದ್ದು ಬಹುಮಟ್ಟಿಗೆ ನಿಂತಿತ್ತು.

ಅಜ್ಜಿಯೂ ಒಂದು ಅಭ್ಯಾಸ ಬಿಟ್ಟುಕೊಡಬೇಕಾಯಿತು. ಅವಳಿಗೆ ಹೊಟ್ಟೆ ತೊಳಸುತ್ತದೆಂದು ದಾರಿಯುದ್ದಕ್ಕೂ ಕಿಟಕಿ ಪೂರ್ತಿ ಇಳಿಸುತ್ತಿದ್ದಳು, ಇತ್ತ ಮಗ ಎ.ಸಿ. ಹಾಕುತ್ತಿದ್ದ. "ಊರೊಳಗೆ ಮೆಲ್ಲಗೆ ಹೋಗುವಾಗ ಕಿಟಕಿ ಇಳಿಸಿ ಅಜ್ಜಿ," ಎಂದಳು ನಿಧಾನಕ್ಕ. "ದೊಡ್ಡ ರಸ್ತೇಲಿ ಏರಿಸಿಬಿಡಿ. ತೆರೆದ ಕಿಟಕಿಯೊಳಗೆ ಗಾಳಿ ನುಗ್ಗಿ ಕಾರನ್ನ ಹಿಡ್ಕೊಳ್ಳುತ್ತೆ. ಹೊರಡೋ ಮುಂಚೆ, ಚಾರ್ಜಿಗೆ ಹಾಕಿರೋವಾಗಲೇ ಕಾರು ತಂಪು ಮಾಡ್ಕೊಳ್ಳಿ. ಆ ತಂಪು ಮನೆ ಕರೆಂಟಲ್ಲಿ ಆಗುತ್ತೆ, ಬ್ಯಾಟರೀಲಿ ಅಲ್ಲ."

"ಕುಡುಕನ ಥರ ಓಡಿಸದೇ ಇದ್ರೆ ನನ್ನ ಹೊಟ್ಟೆ ಯಾಕೆ ತೊಳಸುತ್ತೆ?" ಎಂದಳು ಅಜ್ಜಿ. ನಿಜವೇ ಆಗಿತ್ತು.

ಭಾನುವಾರ ಬಂತು. ಕಾರಿನ ತಲೆ ಬೋಳಾಗಿತ್ತು. ಡಿಕ್ಕಿಯಲ್ಲಿ ತಿಂಡಿಯ ಡಬ್ಬಿ ಮತ್ತು ಮಗಳಿಗೆಂದು ಹೊಲಿದ ಒಂದು ಸಣ್ಣ ಪರದೆ, ಅವಳ ಮಂಚದ ಪಕ್ಕದ ಕಿಟಕಿಗೆ. ಬೆಳಗ್ಗೆ ಪರದೆಯಣ್ಣ ಮಗಳಿಗೆ ಫೋನು ಮಾಡಲಿಲ್ಲ. "ಬರ್ತೀವಿ ಅಂತ ಇನ್ನೊಂದ್ಸಲ ಹೇಳೋ ಮುಖ ನನಗಿಲ್ಲ. ಮುಟ್ಟಿದ ಮೇಲೆ ಹೇಳೋಣ," ಎಂದ.

ದೊಡ್ಡ ರಸ್ತೆಯಲ್ಲಿ ಲಾರಿಗಳು ಇವರನ್ನು ಹಿಂದೆ ಹಾಕಿ ಹೋದವು. ಮೊದಲಾಗಿದ್ದರೆ ಅವನು ಬಿಡುತ್ತಿರಲಿಲ್ಲ. ಈಗ ಬಿಟ್ಟ. ಕಾರಿನೊಳಗೆ ಎಷ್ಟು ನಿಶ್ಶಬ್ದವಿತ್ತೆಂದರೆ ಅಜ್ಜಿಯ ಡಬ್ಬಿಯ ಉಂಗುರಗಳ ಸಣ್ಣ ಕಿಣಿಕಿಣಿ ಕೇಳುತ್ತಿತ್ತು. ಕ್ಯಾನ್ವಾಸಿನ ಪಟಪಟ ಇಲ್ಲದ ಮೇಲೆಯೇ ಅದು ಎಷ್ಟು ಜೋರಾಗಿತ್ತು ಎಂಬುದು ಮೂವರಿಗೂ ತಿಳಿದದ್ದು.

ನೀರಿನ ಟ್ಯಾಂಕು ಕಾಣಿಸಿತು. ಪರದೆಯಣ್ಣ ಕಾರನ್ನು ಬದಿಗೆ ನಿಲ್ಲಿಸಿದ. ಮೀಟರಿನ ಕಡೆ ನೋಡಲು ಧೈರ್ಯ ಸಾಲದೆ, "ನೀನೇ ನೋಡು," ಎಂದ ಹೆಂಡತಿಗೆ.

ಹೊಲಿಗೆಯಕ್ಕ ಹಿಂದಿನ ಸೀಟಿನಿಂದ ಮುಂದೆ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು.

"ಅರ್ಧಕ್ಕಿಂತ ಎಷ್ಟೋ ಮೇಲಿದೆ ಕಣ್ರೀ."

"ಸರಿಯಾಗಿ ನೋಡು."

"ಸೂಜಿಗೆ ದಾರ ಪೋಣಿಸೋ ಕಣ್ಣು ಇದು. ನಡೀರಿ."

ಗುಡ್ಡ ಹತ್ತುವಾಗ ಮೀಟರು ಇಳಿಯಿತು, ಇಳಿಯುವಾಗ ಒಂದು ಚೂರು ಏರಿತು. ಶಾಲೆಯ ಗೋಡೆ ಕಂಡಾಗ ಅಜ್ಜಿ ನೆಮ್ಮದಿಯ ಉಸಿರು ಬಿಟ್ಟಳು.

ಗೇಟಿನ ಕಟ್ಟೆಯ ಮೇಲೆ ಮಗಳು ನಿಂತಿದ್ದಳು. ಇವರ ಕಾರು ಹತ್ತಿರವಾಗುತ್ತಿತ್ತು. ಆದರೆ ಅವಳು ಇವರನ್ನು ನೋಡಿಯೂ ನೋಡದವಳಂತೆ, ಕಾರಿನ ಆಚೆ, ರಸ್ತೆಯ ತುದಿಯನ್ನೇ ನೋಡುತ್ತಿದ್ದಳು.

"ಯಾಕೆ ಹೀಗೆ?" ಎಂದಳು ಅಜ್ಜಿ.

ಹೊಲಿಗೆಯಕ್ಕನಿಗೆ ಮೊದಲು ಅರ್ಥವಾಯಿತು. ಹಾರ್ನು ಹೊಡೆದರೆ ಕೇಳದ ಮಗು. ಇಷ್ಟು ದಿನ ಅವಳು ದೂರದಿಂದ ಗುರುತು ಹಿಡಿಯುತ್ತಿದ್ದದ್ದು ಆ ನೀಲಿ ಹಲಗೆಯನ್ನು. ಬೋಳು ತಲೆಯ ಈ ಕಾರು ಅವಳಿಗೆ ಯಾರದ್ದೋ ಕಾರು.

ಪರದೆಯಣ್ಣ ಗಕ್ಕನೆ ಬ್ರೇಕು ತುಳಿದ. ಅಜ್ಜಿಯ ತೊಡೆಯಿಂದ ಹಿತ್ತಾಳೆ ಉಂಗುರಗಳು ಜಲಜಲನೆ ಕಾರಿನ ತುಂಬ ಚೆಲ್ಲಿದವು. ಅವನು ಬಾಗಿಲು ತೆರೆದು, ರಸ್ತೆಯ ಬದಿಯಲ್ಲಿ ನೆಟ್ಟಗೆ ನಿಂತು, ಎರಡು ತೋಳುಗಳನ್ನೂ ಎದೆಯ ಮುಂದೆ ತಂದು, ಆಕಾಶದಷ್ಟು ಅಗಲದ ಪರದೆಯೊಂದನ್ನು ಇಬ್ಬದಿಗೆ ಸರಿಸಿದ.

ಮಗಳು ತಿರುಗಿ ನೋಡಿದಳು. ಕಟ್ಟೆಯಿಂದ ಹಾರಿದಳು.

ಅಪ್ಪನ ಸೊಂಟ ತಬ್ಬಿಕೊಂಡು ಎಷ್ಟೋ ಹೊತ್ತಾದ ಮೇಲೆ, ಅವಳು ಕಾರಿನ ಕಡೆ ನೋಡಿ, ತನ್ನ ತಲೆಯ ಮೇಲೆ ಕೈಯಿಟ್ಟು ಕೇಳಿದಳು: ಅದರ ಟೋಪಿ ಎಲ್ಲಿ?

ಪರದೆಯಣ್ಣ ಈ ಕೆಲವು ತಿಂಗಳಲ್ಲಿ ಕಲಿತ ಸನ್ನೆಗಳನ್ನು ಒಂದೊಂದಾಗಿ ಹುಡುಕಿದ. ಟೋಪಿ, ಮನೆಯಲ್ಲಿ. ಟೋಪಿ ಇದ್ದರೆ, ಗಾಳಿ ಹಿಡಿಯುತ್ತೆ. ಬಿಡಲ್ಲ. ನಿನ್ನ ಹತ್ತಿರ, ಬರೋಕೆ ಬಿಡಲ್ಲ.

ಅವಳು ಯೋಚಿಸಿದಳು. ಆಮೇಲೆ ಅವನ ಬೆರಳುಗಳನ್ನು ಹಿಡಿದು, 'ಗಾಳಿ'ಯ ಸನ್ನೆಯನ್ನು ಸರಿಯಾಗಿ ಹೇಗೆ ಮಾಡಬೇಕೆಂದು ತೋರಿಸಿದಳು.

ಸಂಜೆ ಕಾರು ಮನೆ ಮುಟ್ಟಿದಾಗ ಚಾರ್ಜು ತಳದಲ್ಲಿ ಸ್ವಲ್ಪವೇ ಉಳಿದಿತ್ತು. ಹಳೆಯ ಬ್ಯಾಟರಿ ಹೊಸದಾಗಲಿಲ್ಲ, ಆಗುವುದೂ ಇಲ್ಲ. ಆದರೆ ಅವರು ಹೋಗಿ, ಬಂದಿದ್ದರು. ಈಗ ಆ ನೀಲಿ ಹಲಗೆ ಮನೆಯ ಗೋಡೆಯ ಮೇಲೆ ಬೀದಿಗೆ ಮುಖ ಮಾಡಿ ನಿಂತಿದೆ. ಕಾರಿನ ಬಾಗಿಲಿನ ಮೇಲೆ ಅದೇ ಅಕ್ಷರಗಳನ್ನು ಬಣ್ಣದಲ್ಲೇ ಬರೆಸಿದ್ದಾನೆ. ದುಂಡನೆಯ 'ರ'ಕಾರ ಅಲ್ಲೂ ಇದೆ, ಗಾಳಿಗೆ ಮಾತ್ರ ಸಿಗುವುದಿಲ್ಲ. ಮಗಳು ಈಗ ದೂರದಿಂದ ನೋಡುವುದು ಬೋಳು ತಲೆಯ ಕಾರನ್ನು.

ಓದಿದವರೇ, ಕೇಳಿದವರೇ, ನಿಮ್ಮ ಕಾರು ಬ್ಯಾಟರಿಯದಿರಲಿ, ಪೆಟ್ರೋಲಿನದಿರಲಿ, ಡೀಸೆಲ್ಲಿನದಿರಲಿ, "ಮೊದಲಿನಷ್ಟು ಓಡಲ್ಲ" ಎಂದು ಬೈಯುವ ಮುಂಚೆ ಒಮ್ಮೆ ಹೊರಗೆ ಹೋಗಿ ಅದರ ಸುತ್ತ ನಡೆದು ಬನ್ನಿ. ಕಾರು ತಣ್ಣಗಿರುವಾಗ ಚಕ್ರದ ಗಾಳಿಯನ್ನು ಗೇಜಿನಲ್ಲಿ ಅಳೆದು, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟು ತುಂಬಿಸಿ. ಕಾಲಿನಿಂದ ಒದ್ದು ನೋಡಬೇಡಿ. ಬೇಡದ ಸಾಮಾನು ಡಿಕ್ಕಿಯಲ್ಲಿ ಊರು ಸುತ್ತದಿರಲಿ. ಕೆಲಸವಿಲ್ಲದ ದಿನ ತಲೆಯ ಮೇಲಿನ ಕ್ಯಾರಿಯರನ್ನು ಬಿಚ್ಚಿಡಿ. ದೂರ ನೋಡಿ ಓಡಿಸಿ, ಕಾಲು ಹಗುರವಾಗಿರಲಿ, ಸುಮ್ಮನೆ ನಿಂತಾಗ ಇಂಜಿನ್ನು ಆರಿಸಿ. ಪಕ್ಕದಲ್ಲಿ ಕೂತವರ ತೊಡೆಯ ಮೇಲೆ ಒಂದು ಡಬ್ಬಿ ಉಂಗುರ ಇದೆ ಅಂದುಕೊಳ್ಳಿ.

ಇಷ್ಟಕ್ಕೆ ಹೊಸ ಕಾರು ಬೇಡ. ಬರುವ ವಾರ ನೀವು ಎಲ್ಲಿಗೆ ಹೋಗಬೇಕು, ಅಲ್ಲಿ ನಿಮಗಾಗಿ ಯಾರು ಕಟ್ಟೆ ಹತ್ತಿ ನಿಂತಿರುತ್ತಾರೆ, ಅದನ್ನು ಒಮ್ಮೆ ನೆನೆಸಿಕೊಳ್ಳಿ. ಆಮೇಲೆ ಸ್ಪ್ಯಾನರು ಹುಡುಕಿ.